ಬ್ಯಾಂಕಾಕಿನಲ್ಲಿ ಮೊದಲ ಪೀರಿಯಡ್

ನನ್ನ ಪ್ರಾಜೆಕ್ಟಿಗಾಗಿ ಬ್ಯಾಂಕಾಕಿಗೆ ಬಂದ್ವಿ. ಬೆಂಗಳೂರಲ್ಲಿ ಏಳು ವರ್ಷ ಗಣಿತದ ಮಿಸ್ ಆಗಿದ್ದ ಹೆಂಡತಿ ಇಲ್ಲಿ ಬರೀ 'ಡಿಪೆಂಡೆಂಟ್'. ಆ ಪದ ಅವಳಿಗೆ ಚುಚ್ಚುತ್ತಿತ್ತು. ಕೊನೆಗೂ ಆಗಸ್ಟಿನಲ್ಲಿ ಒಂದು ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ಕೆಲಸ ಸಿಕ್ತು.

ಮೊದಲ ದಿನ ಹಾಜರಿ ಕರೆಯುವಾಗಲೇ ಸುಸ್ತು. ಪುಸ್ತಕದಲ್ಲಿ ಮಾರುದ್ದದ ಥಾಯ್ ಹೆಸರುಗಳು; ಎಲ್ಲರೂ ಕರೆಯೋದು ಮಾತ್ರ ಐಸ್, ಗಾಲ್ಫ್, ಬ್ಯಾಂಕ್ ಅಂತ! ಇಲ್ಲಿ ಅಡ್ಡಹೆಸರಿಲ್ಲದ ಮಗುವೇ ಅಪರೂಪ.

ಪಾಠ ಭಿನ್ನರಾಶಿಯ ಭಾಗಾಕಾರ. 'ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸಿ' ಅಂದಳಂತೆ. ನಮ್ಮಲ್ಲಾದರೆ ಇಡೀ ಕ್ಲಾಸು 'ಎಸ್ ಮಿಸ್' ಅಂತ ರಾಗ ಎಳೀತಿತ್ತು. ಇಲ್ಲಿ ಒಬ್ಬ ಕೊರಿಯನ್ ಹುಡುಗಿ ಕೇಳಿದಳು: 'ಯಾಕೆ?' (ಎಂಜಿನಿಯರಿಂಗ್ ಮುಗಿಸಿದ ನಾನೂ ಯಾವತ್ತೂ ಕೇಳಿರಲಿಲ್ಲ ಬಿಡಿ.) ಇವಳು ಹಾಳೆ ಮಡಚಿ ತೋರಿಸಿದಳು. ಒಂದು ಹಾಳೆಯಲ್ಲಿ ಕಾಲು ಭಾಗ ನಾಲ್ಕು ಸಲ ಕೂರುತ್ತೆ. ಅರ್ಧ ಹಾಳೆಯಲ್ಲಿ ಅದರ ಅರ್ಧ, ಎರಡು ಸಲ. ಅದಕ್ಕೇ 1/4ರಿಂದ ಭಾಗಿಸೋದು ಅಂದ್ರೆ 4ರಿಂದ ಗುಣಿಸೋದು!

ಬಿಡುವಿನಲ್ಲಿ ಥಾಯ್ ಸಹಾಯಕಿಯೊಬ್ಬರು ಕೈಮುಗಿದು 'ಖ್ರೂ' ಅಂದರಂತೆ. ನಮ್ಮ 'ಗುರು'ವೇ ಇಲ್ಲಿ ಹಾಗಾಗಿದೆ. ಶಾಲೆಗಳಲ್ಲಿ ನಡೆಯುವ ಗುರುವಂದನೆ 'ವಾಯ್ ಖ್ರೂ' ಕೂಡ ಸಾಮಾನ್ಯವಾಗಿ ಗುರುವಾರವೇ.

ಸಂಜೆ ಬಂದವಳು ಬ್ಯಾಗ್ ಇಳಿಸುವ ಮೊದಲೇ ಆರ್ಡರ್ ಮಾಡಿದಳು: 'ನಾಳೆ ನಾಲ್ಕು ಚಪಾತಿ ಜಾಸ್ತಿ ಲಟ್ಟಿಸು. ತಿನ್ನೋಕಲ್ಲ, ಭಾಗಿಸೋಕೆ.'