ಬಂಕಾಪುರದ ಕೋಟೆ: ನವಿಲು, ಹೋರಿ ಮತ್ತು ವಿದ್ಯೆ

ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಶಿಗ್ಗಾಂವಿಯನ್ನು ದಾಟಿದ ಮೇಲೆ ಬಂಕಾಪುರಕ್ಕೆ ತಿರುಗುವ ದಾರಿ ಸಿಗುವುದು; ವಾಹನಗಳ ವೇಗದಲ್ಲಿ ಅದನ್ನು ಗಮನಿಸದೆ ಮುಂದೆ ಹೋಗುವವರೇ ಹೆಚ್ಚು. ಆದರೆ ಒಂದು ನೆಲದ ವಿದ್ಯೆ, ಶಿಲ್ಪ, ಪಶುಪಕ್ಷಿಗಳು ಒಂದೇ ಆವರಣದೊಳಗೆ ಹೇಗೆ ಒಂದನ್ನೊಂದು ಆಶ್ರಯಿಸಿಕೊಂಡು ಬಾಳಬಲ್ಲವೆಂಬುದನ್ನು ಕಣ್ಣಾರೆ ಕಾಣಬೇಕೆಂಬ ಅಭಿಲಾಷೆಯುಳ್ಳವರಿಗೆ ಈ ಕೋಟೆಗಿಂತ ಉತ್ತಮವಾದ ತಾಣವು ನಮ್ಮ ಸೀಮೆಯಲ್ಲಿ ಬೇರೊಂದಿಲ್ಲವೆಂದೇ ನನ್ನ ನಂಬಿಕೆ.

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಪ್ತ ಸೇನಾನಿಯಾಗಿದ್ದ ಬಂಕೆಯನ ಹೆಸರನ್ನು ಹೊತ್ತ ಈ ಊರು ಒಂಬತ್ತನೆಯ ಶತಮಾನದಿಂದಲೂ ವಿದ್ಯಾಕೇಂದ್ರವಾಗಿದ್ದಿತು. ಜೈನಗುರು ಜಿನಸೇನಾಚಾರ್ಯರು ಆರಂಭಿಸಿ ಪೂರೈಸದೆ ಹೋದ ಮಹಾಪುರಾಣವನ್ನು ಅವರ ಶಿಷ್ಯರಾದ ಗುಣಭದ್ರರು ಪೂರ್ಣಗೊಳಿಸಿದರು. ಅವರು ಬರೆದ ಆ ಉತ್ತರಭಾಗವಾದ ಉತ್ತರಪುರಾಣವು ಶಕವರ್ಷ 820ರಲ್ಲಿ, ಎಂದರೆ ಕ್ರಿ.ಶ. 898ರ ಸುಮಾರಿಗೆ, ಬಂಕೆಯನ ಮಗ ಲೋಕಾದಿತ್ಯನು ಆಳುತ್ತಿದ್ದಾಗ ಇಲ್ಲಿಯೇ ಪೂಜೆಗೊಂಡಿತು. ಗಂಗರ ಮಾರಸಿಂಹನು ರಾಜ್ಯವನ್ನು ತೊರೆದು ಬಂದು 974ರ ಸುಮಾರಿಗೆ, ಆಹಾರವನ್ನು ತೊರೆಯುವ ಸಲ್ಲೇಖನವ್ರತದಿಂದ ದೇಹತ್ಯಾಗ ಮಾಡಿದ್ದು ಇದೇ ಬಂಕಾಪುರದಲ್ಲಿ, ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿ ಕವಿಚಕ್ರವರ್ತಿಯಾದ ರನ್ನನೂ ಆ ಆಚಾರ್ಯರ ಶಿಷ್ಯನೇ. ಅರಸನಿಗೂ ಬಳೆಗಾರನ ಮಗನಿಗೂ ಗುರು ಒಬ್ಬನೇ ಆಗಿದ್ದ ಕಾಲವೊಂದಿತ್ತೆಂಬುದನ್ನು ಇಂದಿನ ಮಕ್ಕಳು ಅರಿಯಬೇಕು.

ಕೋಟೆಯೊಳಗಿನ ನಗರೇಶ್ವರ ದೇವಾಲಯವನ್ನು ಊರಿನವರು ಅರವತ್ತು ಕಂಬದ ಗುಡಿಯೆಂದು ಕರೆಯುವರು. ಚಾಲುಕ್ಯ ಶಿಲ್ಪಿಗಳು ತಿರುಗಣೆಯಲ್ಲಿ ಕಡೆದು ನಿಲ್ಲಿಸಿದ ಆ ಕಂಬಗಳ ನುಣುಪು ಎಂತಹುದೆಂದರೆ, ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಒಂದರ ನೆರಳು ಇನ್ನೊಂದರ ಮೈಮೇಲೆ ಬಾಗಿ ಕಾಣುವುದು. ಹದಿನಾರನೆಯ ಶತಮಾನದಲ್ಲಿ ಬಿಜಾಪುರದ ಆದಿಲಶಾಹಿ ಸೇನೆಯ ಮುತ್ತಿಗೆಗೆ ಸಿಕ್ಕಿದ ಕೋಟೆಯಿದು. ಆದರೂ ಕಂಬಗಳು ನಿಂತಿವೆ.

ಇನ್ನು ನವಿಲುಗಳ ವಿಚಾರ. ಸುಮಾರು 139 ಎಕರೆಯ ಈ ಕೋಟೆಯಲ್ಲಿ ಪಶುಸಂಗೋಪನೆ ಇಲಾಖೆಯ ಖಿಲಾರಿ ತಳಿಯ ದನಗಳ ಸಂವರ್ಧನ ಕೇಂದ್ರವಿದೆ. ಬೆಳ್ಳನೆಯ ಬಿಗಿದ ಮೈ, ಹಿಂದಕ್ಕೆ ಬಾಗಿ ಮೇಲೆದ್ದ ನೀಳವಾದ ಚೂಪು ಕೊಂಬು, ಚುರುಕು ನಡೆ: ಇವು ಖಿಲಾರಿಯ ಲಕ್ಷಣಗಳು. ದೀಪಾವಳಿಯ ಹೊತ್ತಿಗೆ ಹಾವೇರಿಯ ಸೀಮೆಯಲ್ಲಿ ನಡೆಯುವ ಹೋರಿ ಹಬ್ಬದಲ್ಲಿ ಕೊರಳಿಗೆ ಕೊಬ್ಬರಿಯ ಸರ ಕಟ್ಟಿಸಿಕೊಂಡು ಓಡುವ ಹೋರಿಯನ್ನು ಕಂಡವರಿಗೆ ಈ ಜಾತಿಯ ವರ್ಣನೆ ಬೇಕಿಲ್ಲ. ದನಗಳಿಗೆ ಮೇವು ಬೇಕು. ಮೇವಿಗಾಗಿ ಗೋವಿನಜೋಳ, ಜೋಳಗಳ ಬೆಳೆ ಬೇಕು. ಬೆಳೆಯಿದ್ದಲ್ಲಿ ಉದುರಿದ ಕಾಳು, ಹುಳುಹುಪ್ಪಟೆ ತಪ್ಪಿದ್ದಲ್ಲ. ಸುತ್ತಲಿನ ಕಂದಕದಲ್ಲಿ ಪೊದೆಗಳು ದಟ್ಟವಾಗಿ ಬೆಳೆದು ನಿಂತಿವೆ. ನವಿಲು ನೆಲದ ಮೇಲೆಯೇ, ಪೊದೆಯ ಮರೆಯಲ್ಲಿ ಮೊಟ್ಟೆಯಿಡುವ ಪಕ್ಷಿ. ರಾತ್ರಿ ಮಾತ್ರ ಎತ್ತರದ ಮರವನ್ನೇರಿ ಕೂರುವುದು. ಹೊಲ, ಪೊದೆ, ಮರ ಈ ಮೂರೂ ಕೈಗೆಟುಕುವ ದೂರದಲ್ಲಿ ಒದಗಿದ್ದರಿಂದ ಅದು ಇಲ್ಲಿ ತಾನಾಗಿ ಬಂದು ನೆಲೆಸಿ ಸಂತತಿಯನ್ನು ಬೆಳೆಸಿತು. 2006ರಲ್ಲಿ ಸರ್ಕಾರವು ಇದನ್ನು ನವಿಲುಧಾಮವೆಂದು ಘೋಷಿಸಿದುದು ಆಮೇಲಿನ ಮಾತು. ದನ ಕಾಯುವವನೂ ಮೇವು ಕೊಯ್ಯುವವಳೂ ನಿತ್ಯ ಓಡಾಡುವ ನೆಲದಲ್ಲಿಯೇ ಇದು ಸಂಭವಿಸಿತೆಂಬುದು, ಮನುಷ್ಯರನ್ನು ಹೊರಗಟ್ಟಿದರೆ ಮಾತ್ರ ಪ್ರಾಣಿಪಕ್ಷಿಗಳು ಉಳಿಯುವುವೆಂದು ವಾದಿಸುವವರು ಆಳವಾಗಿ ಚಿಂತಿಸಬೇಕಾದ ಸಂಗತಿ.

ಈ ಮಾತಿಗೆ ನಾಡಿನ ದಕ್ಷಿಣದ ತುದಿಯಿಂದ ಇನ್ನೊಂದು ಸಾಕ್ಷ್ಯವನ್ನು ಕೊಡಬಹುದು. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಬಾಳುವ ಸೋಲಿಗರು ಬೇಸಗೆಯ ಮೊದಲಲ್ಲಿ ಒಣಗಿದ ಎಲೆಗಳಿಗೆ ತರಗು ಬೆಂಕಿಯನ್ನು ಹಚ್ಚುತ್ತಿದ್ದರು. ನೆಲಮಟ್ಟದಲ್ಲಿ ಮೆಲ್ಲನೆ ಹರಿಯುವ ಆ ಬೆಂಕಿಯಿಂದ ಹುಲ್ಲು ಚಿಗುರುವುದೆಂದೂ, ನೆಲ್ಲಿಮರವನ್ನು ಹಿಡಿದು ಒಣಗಿಸುವ ‘ಉಪ್ಪಿಲು’ ಎಂಬ ಬದನಿಕೆ ಹತೋಟಿಯಲ್ಲಿರುವುದೆಂದೂ ಅವರು ಹೇಳುತ್ತ ಬಂದಿದ್ದಾರೆ. ಬೆಂಕಿಯನ್ನು ನಿಷೇಧಿಸಿದ ಮೇಲೆ ಲಂಟಾನವೆಂಬ ಕಳೆಯು ಕಾಡನ್ನೇ ಮುಸುಕಿತೆಂಬುದು ಅವರ ವ್ಯಥೆ. 2011ರ ಅಕ್ಟೋಬರಿನಲ್ಲಿ ಅಲ್ಲಿನ ಗ್ರಾಮಸಭೆಗಳಿಗೆ ಅರಣ್ಯಹಕ್ಕು ಕಾಯಿದೆಯನ್ವಯ ಸಾಮುದಾಯಿಕ ಹಕ್ಕು ದೊರೆತುದು, ಹುಲಿಸಂರಕ್ಷಿತ ಪ್ರದೇಶವೊಂದರೊಳಗೆ ಬಾಳುವ ಜನರ ಮಟ್ಟಿಗೆ ದೇಶದಲ್ಲಿಯೇ ಮೊದಲನೆಯದು. ಕಾಡಿನ ಬುದ್ಧಿ ಕಾಡಿನವರಲ್ಲಿದೆಯೆಂದು ಕಾನೂನು ಒಪ್ಪಿಕೊಳ್ಳುವುದಕ್ಕೆ ಅಷ್ಟು ಕಾಲ ಹಿಡಿಯಿತು.

ಅದೇ 2011ರಲ್ಲಿ, ಬಂಕಾಪುರವೂ ಸೇರಿದ ನಮ್ಮ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಹುಟ್ಟಿಕೊಂಡಿತು. ಅದರ ಮೊದಲ ಕುಲಪತಿಗಳು ಅಂಬಳಿಕೆ ಹಿರಿಯಣ್ಣನವರು. ಜಾನಪದಕ್ಕೆಂದೇ ಮೀಸಲಾದ ವಿಶ್ವವಿದ್ಯಾಲಯವು ನಗರವನ್ನು ಬಿಟ್ಟು ಹೊಲಗಳ ನಡುವೆ ನೆಲೆಯೂರಿದುದು ಉಚಿತವಾಗಿಯೇ ಇದೆ. ಗೊಟಗೋಡಿಯಲ್ಲಿಯೇ ಕಲಾವಿದ ಟಿ. ಬಿ. ಸೊಲಬಕ್ಕನವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಹಳ್ಳಿಯ ಕಸುಬು, ಹಬ್ಬ, ಸಂಸಾರಗಳನ್ನು ಆಳೆತ್ತರದ ಮೂರ್ತಿಗಳಲ್ಲಿ ನಿಲ್ಲಿಸಿದ ಆ ಹಿರಿಯರು ದೊಡ್ಡಾಟದ ಪುನರುಜ್ಜೀವನಕ್ಕೂ ದುಡಿದವರು. ಕನಕದಾಸರ ಬಾಡ, ಮೇಷ್ಟ್ರಾಗಿದ್ದು ಪದ ಹಾಡಿದ ಷರೀಫರ ಶಿಶುನಾಳ, ಇವೂ ಇದೇ ತಾಲ್ಲೂಕಿನವು.

ಇಷ್ಟೆಲ್ಲ ಸಂಪತ್ತು ಒಂದೇ ತಾಲ್ಲೂಕಿನಲ್ಲಿರುವಾಗ, ಇಲ್ಲಿನ ಶಾಲೆಯ ಮಕ್ಕಳು ಪ್ರವಾಸವೆಂದರೆ ದೂರದ ಅರಮನೆಗಳಿಗೂ ಉದ್ಯಾನಗಳಿಗೂ ಹೋಗಿಬರುವುದು ನನಗೆ ಬಹಳ ನೋವಿನ ಸಂಗತಿ. ವರ್ಷಕ್ಕೆ ಒಂದು ದಿನವಾದರೂ ಹಾನಗಲ್, ಸವಣೂರು, ಶಿಗ್ಗಾಂವಿಗಳ ಮಕ್ಕಳನ್ನು ಬಂಕಾಪುರದ ಕೋಟೆಗೆ ಕರೆತರಬೇಕು. ಪಾಠ ಹೇಳುವವರು ಹೋರಿಯ ಹಲ್ಲು ನೋಡಿ ವಯಸ್ಸು ಹೇಳಬಲ್ಲ ಗೌಳಿಗರು, ಕಲ್ಲಿನ ಜಾತಿಯನ್ನು ಬಲ್ಲ ಕಲ್ಲುಕುಟಿಗರು, ಸೋಬಾನೆ ಹಾಡುವ ಮುದುಕಿಯರು ಆಗಿರಬೇಕು. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅದನ್ನೆಲ್ಲ ಬರೆದಿಟ್ಟುಕೊಳ್ಳಬೇಕು. ಅದಕ್ಕೆ ಮಹಾನವಮಿ ಕಳೆದ ಮೇಲಿನ ದಿನಗಳೇ ಪ್ರಶಸ್ತ. ಮಳೆಗಾಲದಲ್ಲಿ ನವಿಲು ಕಾವಿಗೆ ಕೂತಿರುವುದರಿಂದ ಆಗ ಕಂದಕದ ಪೊದೆಗಳಿಗೆ ಯಾರೂ ಇಳಿಯಬಾರದು; ನಾಯಿಗಳನ್ನಂತೂ ಯಾವ ಕಾಲದಲ್ಲಿಯೂ ಕೋಟೆಯೊಳಗೆ ಬಿಡಬಾರದು.