ಪ್ರೋಟಾನ್, ಮಾವಿನಕಾಯಿ, ಬೋರ್‌ವೆಲ್: ಸಂಭವದ ಲೆಕ್ಕ ಎಲ್ಲಿ ತಪ್ಪುತ್ತದೆ?

ವಿಶ್ವಕ್ಕೆ ಸುಮಾರು 1,380 ಕೋಟಿ ವರ್ಷ ವಯಸ್ಸು. ಪರಮಾಣುವಿನೊಳಗಿರುವ ಪ್ರೋಟಾನ್ ಎಂಬ ಕಣದ ಸರಾಸರಿ ಆಯುಸ್ಸು 1ರ ಪಕ್ಕ 31 ಸೊನ್ನೆ ಬರೆದಷ್ಟು ವರ್ಷ ಇರಬಹುದು ಎಂದು 1970ರ ದಶಕದ ಒಂದು ಸಿದ್ಧಾಂತ ಹೇಳಿತು. ಇದನ್ನು ಪರೀಕ್ಷಿಸಲು ವಿಜ್ಞಾನಿಗಳು ನಮ್ಮ ಕೋಲಾರ ಚಿನ್ನದ ಗಣಿಯ ಆಳಕ್ಕೆ ಇಳಿದರು. ವಿಶ್ವಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬಾಳುವ ಕಣ ಸಾಯುವುದನ್ನು ಕೆಲವೇ ವರ್ಷಗಳಲ್ಲಿ ನೋಡುವುದು ಸಾಧ್ಯವೇ? ಭೌತವಿಜ್ಞಾನದ ಈ ಪ್ರಶ್ನೆಗೆ ಉತ್ತರ ಇರುವುದು ಸಂಭವದ ಲೆಕ್ಕದಲ್ಲಿ. ಅದೇ ಲೆಕ್ಕ ಇವತ್ತು ಬೋರ್ ಕೊರೆಸಲು ಹೊರಟವರಿಗೂ ಬೇಕು.

ಅಷ್ಟು ವರ್ಷ ಕಾಯುವುದು ಹೇಗೆ?

ಕಾಯಬೇಕಾಗಿಲ್ಲ. ಶ್ರೀನಿವಾಸಪುರದ ಮಾವಿನ ತೋಪೊಂದನ್ನು ನೆನೆಸಿಕೊಳ್ಳಿ. ಗಾಳಿಯಿಲ್ಲದ ರಾತ್ರಿಯಲ್ಲಿ ಒಂದು ಕಾಯಿ ಉದುರುವ ಸಂಭವ ಸಾವಿರಕ್ಕೆ ಒಂದು ಎಂದಿಟ್ಟುಕೊಳ್ಳೋಣ. ಒಂದೇ ಕಾಯಿಯನ್ನು ನೋಡುತ್ತ ಕೂತರೆ ಬೆಳಗಾಗುವವರೆಗೂ ಏನೂ ಆಗದಿರುವುದೇ ಹೆಚ್ಚು. ಆದರೆ ತೋಪಿನಲ್ಲಿ ಹತ್ತು ಸಾವಿರ ಕಾಯಿ ಇದ್ದರೆ ಬೆಳಿಗ್ಗೆ ನೆಲದ ಮೇಲೆ ಸುಮಾರು ಹತ್ತು ಕಾಯಿ ಬಿದ್ದಿರುತ್ತವೆ. ಒಂದು ದಿನ ಏಳು, ಇನ್ನೊಂದು ದಿನ ಹದಿಮೂರು. ಯಾವ ಕಾಯಿ ಬೀಳುತ್ತದೆ ಎಂದು ಯಾರೂ ಹೇಳಲಾರರು, ಎಷ್ಟು ಬೀಳಬಹುದು ಎಂದು ಹೇಳಬಹುದು.

1980ರಲ್ಲಿ ಕೆಜಿಎಫ್ ಗಣಿಯ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಇಟ್ಟದ್ದು ಇಂಥದ್ದೇ ಒಂದು ತೋಪು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ಜಪಾನಿನ ವಿಜ್ಞಾನಿಗಳು ಸೇರಿ ಅಲ್ಲಿ ಸುಮಾರು 140 ಟನ್ ಕಬ್ಬಿಣದ ಪತ್ತೆಯಂತ್ರವನ್ನು ಕಟ್ಟಿದರು. ಒಂದು ಗ್ರಾಂ ಕಬ್ಬಿಣದಲ್ಲಿ ಪ್ರೋಟಾನ್ ಮತ್ತು ನ್ಯೂಟ್ರಾನ್ ಒಟ್ಟು ಸೇರಿ 6ರ ಪಕ್ಕ 23 ಸೊನ್ನೆಯಷ್ಟಿರುತ್ತವೆ. 140 ಟನ್‌ನಲ್ಲಿ 8ರ ಪಕ್ಕ 31 ಸೊನ್ನೆಯಷ್ಟು. ಆಯುಸ್ಸು 1ರ ಪಕ್ಕ 31 ಸೊನ್ನೆ ವರ್ಷವಾಗಿದ್ದರೆ, ಎಲ್ಲವೂ ಯಂತ್ರದ ಕಣ್ಣಿಗೆ ಬೀಳುತ್ತವೆ ಎಂದುಕೊಂಡಾಗ, ವರ್ಷಕ್ಕೆ ಸುಮಾರು ಎಂಟು ಕಣಗಳ ಸಾವು ಕಾಣಬೇಕು.

ಅದಕ್ಕೆ ಗಣಿಯೇ ಏಕೆ?

ಆಕಾಶದಿಂದ ಮ್ಯೂಆನ್ ಎಂಬ ಕಣಗಳು ಸದಾ ಸುರಿಯುತ್ತಿರುತ್ತವೆ. ನಿಮ್ಮ ಅಂಗೈಯ ಮೂಲಕವೇ ಸೆಕೆಂಡಿಗೆ ಸುಮಾರು ಒಂದು ಹಾದುಹೋಗುತ್ತದೆ. ಈ ಗದ್ದಲದ ನಡುವೆ ವರ್ಷಕ್ಕೆ ಎಂಟು ಬಾರಿ ಆಗುವುದನ್ನು ಗುರುತಿಸಲಾಗದು. ಭೂಮಿಯೊಳಗೆ ಇಳಿದಷ್ಟೂ ಬಂಡೆ ಮ್ಯೂಆನ್‌ಗಳನ್ನು ತಡೆಯುತ್ತದೆ. ನಂಜನಗೂಡು ಕಡೆಯವರಾದ ಬಿ.ವಿ. ಶ್ರೀಕಂಠನ್ ಅವರು ಹೋಮಿ ಭಾಭಾ ಅವರ ಸೂಚನೆಯಂತೆ 1951ರಲ್ಲೇ ಕೆಜಿಎಫ್‌ಗೆ ಬಂದು ಬೇರೆ ಬೇರೆ ಆಳದಲ್ಲಿ ಮ್ಯೂಆನ್‌ಗಳನ್ನು ಎಣಿಸಲು ತೊಡಗಿದ್ದರು. 1960ರ ದಶಕದ ಆರಂಭದ ಹೊತ್ತಿಗೆ ಅತ್ಯಂತ ಆಳದ ಜಾಗದಲ್ಲಿ ಸುಮಾರು ಎರಡು ತಿಂಗಳು ಕಾದರೂ ಉಪಕರಣಕ್ಕೆ ಒಂದೂ ಮ್ಯೂಆನ್ ಸಿಕ್ಕಿರಲಿಲ್ಲ. ಆ ನಿಶ್ಶಬ್ದವೇ ಕೋಲಾರದ ನಿಜವಾದ ಚಿನ್ನವಾಯಿತು.

ಆದರೆ ಬಂಡೆಗೂ ಬಗ್ಗದ ಕಣ ಒಂದಿದೆ, ಅದು ನ್ಯೂಟ್ರಿನೊ. ಗಾಳಿಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಸಿಕ್ಕಿದೆ ಎಂಬ ಮೊದಲ ವರದಿ 1965ರಲ್ಲಿ ಬಂದದ್ದು ಇಲ್ಲಿನ ಚಾಂಪಿಯನ್ ರೀಫ್ ಗಣಿಯಿಂದಲೇ. ಅದೇ ಕಣ ಮುಂದೆ ಪ್ರೋಟಾನ್ ಪ್ರಯೋಗಕ್ಕೆ ತೊಡಕಾಯಿತು.

ಪ್ರೋಟಾನ್ ಸತ್ತದ್ದು ಕಂಡಿತೆ?

1980ರ ದಶಕದ ಮೊದಲಲ್ಲಿ, ಪ್ರೋಟಾನ್ ಸಾವಿನಂತೆ ಕಾಣುವ ಕೆಲವು ಘಟನೆಗಳು ಕೆಜಿಎಫ್ ಯಂತ್ರದಲ್ಲಿ ದಾಖಲಾದವು. ‘ಕಂಡಿತು’ ಎನ್ನುವ ಮುನ್ನ ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಪ್ರೋಟಾನ್ ಸಾಯದೇ ಇದ್ದಿದ್ದರೂ ಇಂಥ ಘಟನೆ ಎಷ್ಟು ಕಾಣಿಸುತ್ತಿತ್ತು? ನ್ಯೂಟ್ರಿನೊ ಕೂಡ ಕಬ್ಬಿಣಕ್ಕೆ ಡಿಕ್ಕಿ ಹೊಡೆದು ಹಾಗೆಯೇ ಕಾಣುವ ಗುರುತು ಬಿಡಬಲ್ಲದು.

ಮುಂದೆ ಅಮೆರಿಕ, ಜಪಾನುಗಳಲ್ಲಿ ಸಾವಿರಾರು ಟನ್ ನೀರಿನ ಯಂತ್ರಗಳು ಬಂದವು. ಈಗ ಜಪಾನಿನ ಸೂಪರ್ ಕಾಮಿಯೊಕಾಂಡೆಯಲ್ಲಿ 50 ಸಾವಿರ ಟನ್ ನೀರಿದೆ. ಪ್ರೋಟಾನ್ ಸತ್ತ ಖಚಿತ ಗುರುತು ಅಲ್ಲಿಯೂ ಸಿಕ್ಕಿಲ್ಲ.

ಹಾಗಾದರೆ ಶ್ರಮ ವ್ಯರ್ಥವೇ? ಅಲ್ಲ. ಹತ್ತು ಕಾಯಿ ಬೀಳಬೇಕಾದ ತೋಪಿನಲ್ಲಿ ಒಂದೂ ಬೀಳದಿರುವ ಸಂಭವ 22 ಸಾವಿರಕ್ಕೆ ಒಂದು. ಅಂದರೆ 60 ವರ್ಷಕ್ಕೆ ಒಂದು ರಾತ್ರಿ. ಅಂಥ ಬೆಳಗು ಮೇಲಿಂದ ಮೇಲೆ ಬಂದರೆ ‘ಸಾವಿರಕ್ಕೆ ಒಂದು’ ಎಂಬ ನಮ್ಮ ಊಹೆಯೇ ತಪ್ಪು ಎಂದರ್ಥ. ಏನೂ ಕಾಣದಿರುವುದೂ ಒಂದು ಉತ್ತರ. ಹೀಗೆಯೇ ಆ ಸಿದ್ಧಾಂತದ ಸರಳ ರೂಪವನ್ನು ಕೈಬಿಡಲಾಯಿತು.

ಇದಕ್ಕೂ ಬೋರ್‌ವೆಲ್‌ಗೂ ಏನು ಸಂಬಂಧ?

ಕೋಲಾರ, ಮಾಲೂರು, ಮುಳಬಾಗಿಲು ಕಡೆ ಸಾವಿರ ಅಡಿ ದಾಟಿ ಕೊರೆಸುವುದು ಈಗ ಮಾಮೂಲು. ಪಾಯಿಂಟ್ ಮಾಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡೋ ಬೇವಿನ ಕವಲುಕಡ್ಡಿ ಹಿಡಿದೋ ಹೊಲದಲ್ಲಿ ನಡೆಯುತ್ತಾರೆ. ಕಾಯಿ ನೆಟ್ಟಗೆ ನಿಂತರೆ ‘ಇಲ್ಲಿ ನೀರಿದೆ’. ನೂರಾರು ಅಡಿ ಕೆಳಗಿನ ನೀರು ಕಾಯಿಯನ್ನು ಎಬ್ಬಿಸುವಂಥ ಯಾವ ಬಲವೂ ಭೌತವಿಜ್ಞಾನಕ್ಕೆ ಗೊತ್ತಿಲ್ಲ. ಕೈಯ ಸ್ನಾಯುಗಳು ನಮಗೇ ತಿಳಿಯದಂತೆ ಅಲುಗುವುದು ಮಾತ್ರ ಗೊತ್ತು. ಹಾಗಾಗಿ ಪಾಯಿಂಟ್ ಮಾಡುವವರು ಬೇಕೆಂದು ಮೋಸ ಮಾಡುತ್ತಿದ್ದಾರೆ ಎನ್ನಬೇಕಾಗಿಲ್ಲ. ಜರ್ಮನಿಯ ಕಾಸೆಲ್‌ನಲ್ಲಿ 1990ರಲ್ಲಿ ಸುಮಾರು 30 ಮಂದಿ ಕಡ್ಡಿ ಹಿಡಿಯುವವರನ್ನು ಹೂತಿಟ್ಟ ನೀರಿನ ಪೈಪಿನ ಮೇಲೆ ಪರೀಕ್ಷಿಸಿದಾಗ ಫಲಿತಾಂಶ ಬರೀ ಊಹೆಗಿಂತ ಮೇಲಿರಲಿಲ್ಲ.

‘ಆದರೆ ಅವರು ಹೇಳಿದ ಕಡೆ ನೀರು ಬಂತಲ್ಲ?’ ಗಣಿಯ ಪ್ರಶ್ನೆಯನ್ನೇ ಇಲ್ಲಿ ಕೇಳೋಣ: ಅವರು ಹೇಳದಿದ್ದರೂ ಎಷ್ಟು ಬರುತ್ತಿತ್ತು? ಹತ್ತರಲ್ಲಿ ಆರು ಬೋರಿಗೆ ಹೇಗೂ ನೀರು ಸಿಗುವ ಊರು ಎಂದುಕೊಳ್ಳಿ. ಅಲ್ಲಿ ಕಣ್ಣುಮುಚ್ಚಿ ಹತ್ತು ಜಾಗ ತೋರಿಸುವ ಆರು ಜನರಲ್ಲಿ ಒಬ್ಬರಿಗೆ ಎಂಟು ಅಥವಾ ಹೆಚ್ಚು ಕಡೆ ನೀರು ಸಿಗುತ್ತದೆ. ಹೆಸರು ಹಬ್ಬುವುದು ಅವರದ್ದೇ, ಉಳಿದ ಐವರ ಲೆಕ್ಕ ಯಾರೂ ಇಡುವುದಿಲ್ಲ.

‘ನಾಲ್ಕು ಫೇಲ್ ಆಗಿದೆ, ಐದನೆಯದು ಬಂದೇ ಬರುತ್ತೆ’ ಎಂಬುದು ನಿಜವೇ?

ಇದೇ ಅತ್ಯಂತ ದುಬಾರಿ ನಂಬಿಕೆ. ಮಾವಿನಕಾಯಿ ಹಣ್ಣಾಗುತ್ತ ಹೋಗುತ್ತದೆ, ಹಾಗಾಗಿ ಇವತ್ತು ಬೀಳದಿದ್ದರೆ ನಾಳೆ ಬೀಳುವ ಸಂಭವ ಹೆಚ್ಚು. ಪ್ರೋಟಾನ್ ಹಣ್ಣಾಗುವುದಿಲ್ಲ. ಅದು ಕೋಟಿ ವರ್ಷ ಬದುಕಿದ್ದರೂ ನಾಳೆ ಸಾಯುವ ಸಂಭವ ಇವತ್ತಿನಷ್ಟೇ. ಬೋರ್‌ವೆಲ್ ಇವೆರಡಕ್ಕಿಂತ ಕಷ್ಟದ್ದು. ಕೋಲಾರದ ಗಟ್ಟಿ ಬಂಡೆಯಲ್ಲಿ ನೀರಿರುವುದು ಬಿರುಕುಗಳಲ್ಲಿ. ಒಂದೇ ಹೊಲದಲ್ಲಿ ನಾಲ್ಕು ಕಡೆ ಬಿರುಕು ಸಿಗಲಿಲ್ಲ, ಅಥವಾ ಸಿಕ್ಕ ಬಿರುಕು ಒಣಗಿತ್ತು ಎಂದರೆ ಐದನೆಯದರ ಸಂಭವ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ.

ಆದ್ದರಿಂದ ರಿಗ್ ಲಾರಿ ಕರೆಸುವ ಮುನ್ನ ಮೂರು ಕೆಲಸ ಮಾಡಿ. ಸುತ್ತಲಿನ ಹೊಲಗಳಲ್ಲಿ ನೀರು ಬಂದ ಬೋರುಗಳ ಜತೆ ಫೇಲ್ ಆದವನ್ನೂ ಎಣಿಸಿ. ಭೂವಿಜ್ಞಾನಿಗಳಿಂದ ವಿದ್ಯುತ್ ರೋಧ ಪರೀಕ್ಷೆ ಮಾಡಿಸಿ, ಅದೂ ಖಾತರಿಯಲ್ಲ, ಆದರೆ ಅದು ಅಳೆಯುವುದು ನೆಲವನ್ನೇ. ಎಷ್ಟು ಖರ್ಚಾದರೆ ನಿಲ್ಲಿಸಬೇಕು ಎಂಬುದನ್ನು ಮನೆಯವರೆಲ್ಲ ಕೂತು ಮೊದಲೇ ತೀರ್ಮಾನಿಸಿ. ಸಾಲ ಮಾಡಿ ನಾಲ್ಕನೆಯ ಬೋರ್ ಫೇಲ್ ಆದ ರಾತ್ರಿ ಆ ತೀರ್ಮಾನ ತೆಗೆದುಕೊಳ್ಳುವುದು ಯಾರಿಗೂ ಸುಲಭವಲ್ಲ.