ಮಹಿಷಮರ್ದಿನಿಯ ದನಿ ಯಾರದು?
1976ರಲ್ಲಿ ಕಲ್ಕತ್ತಾದ ಕೇಳುಗರು ಹೂಡಿದ ವಾದ

ಕೋಲ್ಕತ್ತಾ: ವಾರ್ಷಿಕೋತ್ಸವದಲ್ಲಿ ನಾಡಗೀತೆಯ ಧಾಟಿ ಬದಲಾದರೆ ಗೊಣಗುವವರು, ಯಕ್ಷಗಾನದ ಅವಧಿ ಮೊಟಕಾದರೆ ಮುನಿಸಿಕೊಳ್ಳುವವರು, ‘ಹೊಸತೂ ಬರಲಿ ಬಿಡಿ’ ಎಂದು ಸಮಾಧಾನ ಹೇಳುವವರು ಯಾವ ಊರಿನ ಕನ್ನಡ ಸಂಘದಲ್ಲಿ ಇಲ್ಲ? ಇಂಥದೇ ಒಂದು ವಾಗ್ವಾದ ಇಡೀ ಮಹಾನಗರವನ್ನು ಆವರಿಸಿಕೊಂಡ ಪ್ರಸಂಗ ಕೋಲ್ಕತ್ತಾದ ಸಾಂಸ್ಕೃತಿಕ ಇತಿಹಾಸದಲ್ಲಿದೆ. 1976ರ ಮಹಾಲಯ ಅಮಾವಾಸ್ಯೆಯಂದು ಆಕಾಶವಾಣಿಯು ದಶಕಗಳಿಂದ ಪ್ರಸಾರವಾಗುತ್ತಿದ್ದ ‘ಮಹಿಷಾಸುರಮರ್ದಿನಿ’ ಕಾರ್ಯಕ್ರಮವನ್ನು ಕೈಬಿಟ್ಟು, ಅದೇ ದೇವಿಯ ಕಥೆಯನ್ನು ಹೊಸ ಹಾಡು, ಹೊಸ ದನಿಗಳಲ್ಲಿ ಕೇಳಿಸಿತು. ದನಿ ಕೊಟ್ಟವರು ಬಂಗಾಳದ ಮಹಾನಾಯಕ ಉತ್ತಮ್ ಕುಮಾರ್. ಆದರೂ ಕೇಳುಗರು ಒಪ್ಪಲಿಲ್ಲ. ವಾರ ಕಳೆಯುವಷ್ಟರಲ್ಲಿ ಹಳೆಯ ದನಿಯೇ ಮರಳಿ ಬಂತು.

ಹೊರನಾಡಿನಲ್ಲಿದ್ದು ಪ್ರತಿವರ್ಷ ಕಾರ್ಯಕ್ರಮ ಕಟ್ಟುವ ಸಂಘ ಸಂಸ್ಥೆಗಳ ಪದಾಧಿಕಾರಿಗಳಿಗೆ ಈ ಪ್ರಸಂಗದಲ್ಲಿ ಕಲಿಯಬೇಕಾದದ್ದು ಬಹಳಷ್ಟಿದೆ.

ನಸುಕಿನ ನಾಲ್ಕು ಗಂಟೆ

ಕರ್ನಾಟಕದಲ್ಲಿ ಮಹಾಲಯ ಅಮಾವಾಸ್ಯೆ ಎಂದರೆ ಪಿತೃಪಕ್ಷದ ಕೊನೆಯ ದಿನ. ಬಂಗಾಳದಲ್ಲಿಯೂ ಅಂದು ಗಂಗೆಯ ಘಾಟುಗಳಲ್ಲಿ ತರ್ಪಣ ನಡೆಯುತ್ತದೆ. ಆದರೆ ಅದಕ್ಕೂ ಮೊದಲು, ನಸುಕಿನ ನಾಲ್ಕು ಗಂಟೆಗೆ, ಮನೆಮನೆಯಲ್ಲಿ ರೇಡಿಯೋ ಹಾಡತೊಡಗುತ್ತದೆ. ಶಂಖನಾದದೊಂದಿಗೆ ಆರಂಭವಾಗಿ ಸುಮಾರು ಒಂದೂವರೆ ಗಂಟೆ ನಡೆಯುವ ‘ಮಹಿಷಾಸುರಮರ್ದಿನಿ’ಯನ್ನು ಕೇಳಿದ ಮೇಲೆಯೇ ಬಂಗಾಳಿಗಳಿಗೆ ಪೂಜೆಯ ಋತು ಬಂದಂತೆ. ಈ ಊರಿಗೆ ಬಂದು ನೆಲೆಸಿದ ಕನ್ನಡ ಕುಟುಂಬಗಳಿಗೂ ಅಕ್ಕಪಕ್ಕದ ಮನೆಗಳಿಂದ ಹರಿದುಬರುವ ಆ ದನಿ ಹೊಸತಲ್ಲ.

ಈ ಕಾರ್ಯಕ್ರಮ ಹುಟ್ಟಿದ್ದು 1930ರ ದಶಕದ ಆರಂಭದಲ್ಲಿ. ಆಗ ಕಲ್ಕತ್ತಾದ ರೇಡಿಯೋ ಕೇಂದ್ರ ಗಾರ್ಸ್ಟಿನ್ ಪ್ಲೇಸ್‌ನಲ್ಲಿತ್ತು. ಸಾಹಿತ್ಯ ಬಾಣೀಕುಮಾರ್ ಅವರದು, ಸಂಗೀತ ಪಂಕಜ್ ಕುಮಾರ್ ಮಲ್ಲಿಕ್ ಅವರದು, ನಿರೂಪಣೆ ಹಾಗೂ ಚಂಡೀಪಾಠ ಬೀರೇಂದ್ರಕೃಷ್ಣ ಭದ್ರ ಅವರದು. ಬಂಗಾಳಿ ಗದ್ಯ, ಸಂಸ್ಕೃತ ಶ್ಲೋಕ ಮತ್ತು ಹಾಡುಗಳನ್ನು ಹೆಣೆದು ಮಾಡಿದ ಈ ಕೃತಿಯನ್ನು ರಂಗವಿಲ್ಲದ ಸಂಗೀತ ನಾಟಕ ಎಂದರೆ ತಪ್ಪಾಗಲಾರದು. ದಶಕಗಳ ಕಾಲ ಇದು ಪ್ರತಿವರ್ಷ ನೇರ ಪ್ರಸಾರವಾಗುತ್ತಿತ್ತು. ಕಲಾವಿದರು ನಡುರಾತ್ರಿಯಲ್ಲೇ ಮಿಂದು, ಮಡಿಯುಟ್ಟು ಸ್ಟುಡಿಯೋಗೆ ಬರುತ್ತಿದ್ದರೆಂದು ಹಿರಿಯರು ನೆನೆಯುತ್ತಾರೆ. 1960ರ ದಶಕದಿಂದೀಚೆಗೆ ಧ್ವನಿಮುದ್ರಿತ ರೂಪವೇ ಕೇಳಿಬರುತ್ತಿದೆ.

ಅತಿಮಾನುಷ ನಾಯಕಿ

ಇಂದಿನ ಮಕ್ಕಳು ಸೂಪರ್‌ಹೀರೋ ಎಂದು ಕರೆಯುವ ಪಾತ್ರಕ್ಕೆ ಬೇಕಾದ ಲಕ್ಷಣಗಳೆಲ್ಲ ಈ ಕಥೆಯಲ್ಲಿವೆ. ಪುರುಷರಿಂದ ಸಾವಿಲ್ಲ ಎಂಬ ವರ ಪಡೆದ ಖಳ, ಅವನೆದುರು ಸೋತ ದೇವತೆಗಳು, ಎಲ್ಲರ ತೇಜಸ್ಸು ಒಂದಾಗಿ ಮೂಡಿದ ನಾಯಕಿ. ಶಿವ ತ್ರಿಶೂಲ ಕೊಡುತ್ತಾನೆ, ವಿಷ್ಣು ಚಕ್ರ ಕೊಡುತ್ತಾನೆ, ಇಂದ್ರ ವಜ್ರ ಕೊಡುತ್ತಾನೆ, ಹಿಮವಂತ ಸಿಂಹವನ್ನು ಕೊಡುತ್ತಾನೆ. ಕೋಣ, ಸಿಂಹ, ಆನೆ ಹೀಗೆ ರೂಪ ಬದಲಿಸುತ್ತಾ ಹೋಗುವ ಮಹಿಷನನ್ನು ಆಕೆ ಕೊನೆಗೆ ಸಂಹರಿಸುತ್ತಾಳೆ.

ಕನ್ನಡಿಗರಿಗಂತೂ ಇದು ಮನೆಯ ಕಥೆ. ಮೈಸೂರಿನ ಹೆಸರಿನಲ್ಲೇ ಮಹಿಷನಿದ್ದಾನೆ, ಬೆಟ್ಟದ ಮೇಲೆ ಚಾಮುಂಡಿ ಇದ್ದಾಳೆ. ಕರಾವಳಿಯಲ್ಲಿ ‘ಶ್ರೀ ದೇವಿ ಮಹಾತ್ಮೆ’ ಪ್ರಸಂಗವನ್ನು ಹರಕೆಯಾಗಿ ಆಡಿಸುವ ಸಂಪ್ರದಾಯವಿದೆ. ಕಟೀಲು ಮೇಳಗಳ ಹರಕೆಯಾಟಕ್ಕೆ ವರ್ಷಗಟ್ಟಲೆ ಕಾಯುವವರಿದ್ದಾರೆ. ಪ್ರೇಕ್ಷಕರ ಹಿಂದಿನಿಂದ ದೊಂದಿಗಳ ಬೆಳಕಿನಲ್ಲಿ, ಚೆಂಡೆಯ ಅಬ್ಬರದೊಂದಿಗೆ ಮಹಿಷಾಸುರ ನುಗ್ಗಿಬರುವುದನ್ನು ಕಂಡವರು ಅದನ್ನು ಮರೆಯಲಾರರು. ಆ ಪ್ರವೇಶವನ್ನು ಯಾರಾದರೂ ಬದಲಿಸಹೊರಟರೆ ಏನಾದೀತು ಎಂದು ಊಹಿಸಿಕೊಂಡರೆ, 1976ರಲ್ಲಿ ಕಲ್ಕತ್ತಾದವರಿಗೆ ಏನನಿಸಿತು ಎಂಬುದು ಸುಲಭವಾಗಿ ಅರ್ಥವಾಗುತ್ತದೆ.

ಹಳತಕ್ಕೂ ಇತ್ತು ತಕರಾರು

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಇಂದು ಪರಂಪರೆ ಎನಿಸಿಕೊಂಡಿರುವ ಬೀರೇಂದ್ರಕೃಷ್ಣ ಭದ್ರರ ದನಿಗೇ ಆರಂಭದಲ್ಲಿ ಆಕ್ಷೇಪವಿತ್ತು. ಭದ್ರರು ಕಾಯಸ್ಥ ಮನೆತನದವರು. ಬ್ರಾಹ್ಮಣರಲ್ಲದವರು ಚಂಡೀಪಾಠ ಮಾಡುವುದು ಸರಿಯೇ ಎಂದು ಸಂಪ್ರದಾಯಸ್ಥರು ಕೇಳಿದರು. ವಾದ್ಯವೃಂದದಲ್ಲಿ ಮುಸ್ಲಿಂ ಕಲಾವಿದರೂ ಇದ್ದರು. ಬಾಣೀಕುಮಾರ್ ಮಣಿಯಲಿಲ್ಲ, ಪಾಠ ಮಾಡುವುದಾದರೆ ಭದ್ರರೇ ಮಾಡಬೇಕು ಎಂಬ ನಿಲುವಿಗೆ ಅಂಟಿಕೊಂಡರು. ಕ್ರಮೇಣ ಆಕ್ಷೇಪ ಕರಗಿತು, ದನಿ ಉಳಿಯಿತು.

ನೇರ ಪ್ರಸಾರದ ವರ್ಷಗಳಲ್ಲಿ ಗಾಯಕರು ಬದಲಾದದ್ದುಂಟು, ಹಾಡುಗಳನ್ನು ತಿದ್ದಿದ್ದುಂಟು. ಹೀಗಾಗಿ ‘ಜನ ಬದಲಾವಣೆಯನ್ನೇ ಒಪ್ಪುವುದಿಲ್ಲ’ ಎಂಬ ಮಾತು ಈ ಪ್ರಸಂಗಕ್ಕೆ ಪೂರ್ತಿಯಾಗಿ ಹೊಂದುವುದಿಲ್ಲ. ಒಂದೊಂದೇ ಎಳೆ ಬದಲಾದಾಗ ಒಪ್ಪಿದ ಕೇಳುಗರು, ಬಟ್ಟೆಯನ್ನೇ ಬದಲಿಸಿದಾಗ ಸಿಡಿದೆದ್ದರು.

1976ರ ಪ್ರಯೋಗ

ಅದು ತುರ್ತು ಪರಿಸ್ಥಿತಿಯ ಕಾಲ. 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗೆ ದೇಶದಲ್ಲಿ ಪತ್ರಿಕೆಗಳ ಮೇಲೆ ನಿರ್ಬಂಧವಿತ್ತು; ಆಕಾಶವಾಣಿಯಂತೂ ಸರ್ಕಾರದ ಕೈಯಲ್ಲೇ ಇತ್ತು. ಅಂಥ ಸಮಯದಲ್ಲಿ, 1976ರ ಸೆಪ್ಟೆಂಬರ್ 23ರಂದು, ‘ದೇವೀಂ ದುರ್ಗತಿಹಾರಿಣೀಂ’ ಎಂಬ ಹೊಸ ಕಾರ್ಯಕ್ರಮ ಪ್ರಸಾರವಾಯಿತು. ಧ್ಯಾನೇಶ್ ನಾರಾಯಣ ಚಕ್ರವರ್ತಿ ಅವರ ರಚನೆ, ಹೇಮಂತ ಮುಖರ್ಜಿ ಅವರ ಸಂಗೀತ, ಉತ್ತಮ್ ಕುಮಾರ್ ಅವರ ನಿರೂಪಣೆ. ಹಾಡಿದವರಲ್ಲಿ ಲತಾ ಮಂಗೇಶ್ಕರ್ ಕೂಡ ಇದ್ದರು. ಒಬ್ಬರಿಗಿಂತ ಒಬ್ಬರು ದೊಡ್ಡವರು. ಕನ್ನಡಿಗರಿಗೆ ಡಾ. ರಾಜ್‌ಕುಮಾರ್ ಹೇಗೋ ಬಂಗಾಳಿಗಳಿಗೆ ಉತ್ತಮ್ ಕುಮಾರ್ ಹಾಗೆ. ಈ ಹೊಣೆ ಹೊರಲು ಅವರೇ ಹಿಂಜರಿದಿದ್ದರು, ಭದ್ರರನ್ನು ಕಂಡು ತಮ್ಮ ಅಳುಕನ್ನು ತೋಡಿಕೊಂಡಿದ್ದರು ಎಂಬ ಮಾತು ಇಂದಿಗೂ ಪ್ರಚಲಿತವಾಗಿದೆ.

ಪ್ರಸಾರ ಮುಗಿಯುತ್ತಿದ್ದಂತೆ ಆಕಾಶವಾಣಿಗೆ ದೂರುಗಳ ಸುರಿಮಳೆಯಾಯಿತು. ಮನೆ, ಟ್ರಾಮು, ಚಹಾದಂಗಡಿ ಎಲ್ಲೆಲ್ಲೂ ಅದೇ ಮಾತು. ಕೊನೆಗೆ ಅದೇ ವರ್ಷ ಷಷ್ಠಿಯ ದಿನ ಹಳೆಯ ‘ಮಹಿಷಾಸುರಮರ್ದಿನಿ’ಯನ್ನು ಮತ್ತೆ ಪ್ರಸಾರ ಮಾಡಲಾಯಿತು. ಮರುವರ್ಷದಿಂದ ಮಹಾಲಯದ ನಸುಕು ಮತ್ತೆ ಭದ್ರರ ಪಾಲಾಯಿತು. ಬಹಿರಂಗವಾಗಿ ಎದುರಾಡುವುದು ಕಷ್ಟವಾಗಿದ್ದ ಕಾಲದಲ್ಲಿ ಸಾಮಾನ್ಯ ಕೇಳುಗರ ಒತ್ತಾಯಕ್ಕೆ ಸರ್ಕಾರಿ ಸಂಸ್ಥೆಯೊಂದು ಮಣಿದ ಈ ಘಟನೆ ಸಣ್ಣದೇನಲ್ಲ.

ಎರಡು ವಾದ

ಹೊಸ ಕಾರ್ಯಕ್ರಮದ ಪರವಾಗಿ ಹೇಳುವುದಕ್ಕೆ ಏನೂ ಇಲ್ಲವೆಂದಲ್ಲ. ಹೇಮಂತರ ಸ್ವರ ಸಂಯೋಜನೆ ಕಳಪೆಯಾಗಿರಲಿಲ್ಲ. ಅದರ ಹಾಡುಗಳು ಧ್ವನಿಮುದ್ರಿಕೆಗಳಲ್ಲಿ ಉಳಿದು ಮುಂದೆಯೂ ಕೇಳುಗರನ್ನು ಪಡೆದವು. ಚಂಡಿಯ ಕಥೆ ಯಾರೊಬ್ಬರ ಸ್ವತ್ತೂ ಅಲ್ಲ. ಪ್ರತಿ ತಲೆಮಾರೂ ಅದನ್ನು ತನ್ನ ರೀತಿಯಲ್ಲಿ ಹೇಳಿಕೊಳ್ಳಬಹುದು. ಭದ್ರರಿಗೂ ಒಂದು ಕಾಲದಲ್ಲಿ ಅವಕಾಶ ಬೇಕಾಗಿತ್ತಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ.

ಎದುರು ವಾದವೂ ಅಷ್ಟೇ ಗಟ್ಟಿ. ಉತ್ತಮ್ ಕುಮಾರ್ ಮಾತನಾಡಿದಾಗ ಕೇಳುಗರಿಗೆ ಮೊದಲು ಕಂಡದ್ದು ಉತ್ತಮ್ ಕುಮಾರ್. ಭದ್ರರು ಪಠಿಸಿದಾಗ ಕಾಣುತ್ತಿದ್ದದ್ದು ದೇವಿ. ಭದ್ರರು ಗದ್ಯದಿಂದ ಶ್ಲೋಕಕ್ಕೆ ಜಾರುವುದು ಗೊತ್ತೇ ಆಗುತ್ತಿರಲಿಲ್ಲ. ಸ್ತುತಿಯ ಭಾಗಕ್ಕೆ ಬಂದಾಗ ಅವರ ಕಂಠ ಗದ್ಗದವಾಗುತ್ತಿತ್ತು, ಒಮ್ಮೊಮ್ಮೆ ಅಳುವಿನ ಅಂಚಿಗೆ ಹೋಗುತ್ತಿತ್ತು. ಅದು ಪಾತ್ರ ನಿರ್ವಹಣೆ ಎನಿಸದೆ ಪ್ರಾರ್ಥನೆ ಎನಿಸುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ತಂದೆ ತಾಯಿ, ಅಜ್ಜ ಅಜ್ಜಿಯರೊಂದಿಗೆ ಕತ್ತಲಲ್ಲಿ ಎದ್ದು ಕುಳಿತ ನೆನಪು ಆ ದನಿಗೆ ಅಂಟಿಕೊಂಡಿತ್ತು. ದನಿ ಹೋದರೆ ನೆನಪಿಗೂ ಕುತ್ತು ಎಂದು ಜನ ಹೆದರಿದರು.

ಬ್ಯಾಟ್‌ಮ್ಯಾನ್, ಸ್ಪೈಡರ್‌ಮ್ಯಾನ್‌ಗೂ ಇದೇ ಕಥೆ

ಮೆಚ್ಚಿನ ನಾಯಕನ ಹಾಡು ಹೇಗಿರಬೇಕೆಂದು ಅಭಿಮಾನಿಗಳು ವಾದಿಸುವುದು ಬಂಗಾಳಕ್ಕೆ ಮಾತ್ರ ಸೀಮಿತವಲ್ಲ. ಅಮೆರಿಕದಲ್ಲಿ ಬ್ಯಾಟ್‌ಮ್ಯಾನ್ ಕಥೆಯನ್ನು ಸಂಗೀತ ನಾಟಕವಾಗಿಸುವ ಯೋಜನೆಯೊಂದು 2000ದ ಆಸುಪಾಸಿನಲ್ಲಿ ನಡೆದಿತ್ತು. ಸಂಗೀತಗಾರ ಜಿಮ್ ಸ್ಟೈನ್‌ಮನ್ ಹಾಡುಗಳನ್ನು ಕಟ್ಟಿದರು; 1989ರ ‘ಬ್ಯಾಟ್‌ಮ್ಯಾನ್’ ಚಿತ್ರದ ನಿರ್ದೇಶಕ ಟಿಮ್ ಬರ್ಟನ್ ಹೆಸರೂ ಅದರೊಂದಿಗೆ ಕೇಳಿಬಂದಿತ್ತು. ನಾಟಕ ಕೊನೆಗೂ ರಂಗ ಏರಲಿಲ್ಲ. ಆದರೆ ಮಾದರಿಯಾಗಿ ಮುದ್ರಿಸಿದ್ದ ಹಾಡುಗಳು ಅಭಿಮಾನಿಗಳ ಕೈಸೇರಿದವು. ಕತ್ತಲ ನಾಯಕನ ಬಾಯಲ್ಲಿ ಹಾಡು ಒಪ್ಪುತ್ತದೆಯೇ, ಒಪ್ಪುವುದಾದರೆ ಇಷ್ಟು ಅಬ್ಬರ ಬೇಕೇ ಎಂಬ ಚರ್ಚೆಗೆ ಅವು ಇಂದಿಗೂ ಗ್ರಾಸ. ಅವುಗಳಲ್ಲೊಂದನ್ನು ಗಾಯಕ ಮೀಟ್ ಲೋಫ್ 2006ರ ತಮ್ಮ ಆಲ್ಬಂನಲ್ಲಿ ಹಾಡಿದರು.

‘ಸ್ಪೈಡರ್‌ಮ್ಯಾನ್’ ಸಂಗೀತ ನಾಟಕದ್ದು ಬೇರೆಯೇ ಹಾದಿ. ಸುಮಾರು ಏಳೂವರೆ ಕೋಟಿ ಡಾಲರ್ ವೆಚ್ಚದ ಈ ನಾಟಕ ನ್ಯೂಯಾರ್ಕ್‌ನ ಬ್ರಾಡ್‌ವೇಯಲ್ಲಿ 2010ರ ನವೆಂಬರ್‌ನಲ್ಲಿ ಪ್ರಾಯೋಗಿಕ ಪ್ರದರ್ಶನ ಆರಂಭಿಸಿತು. ಟೀಕೆಗಳು ಬಂದವು, ಅವಘಡಗಳೂ ಆದವು. 2011ರ ಮಾರ್ಚ್‌ನಲ್ಲಿ ನಿರ್ದೇಶಕಿ ಜೂಲಿ ಟೇಮರ್ ಅವರನ್ನು ಕೈಬಿಡಲಾಯಿತು. ಕೆಲವು ವಾರ ಪ್ರದರ್ಶನ ನಿಲ್ಲಿಸಿ ಕಥೆಯನ್ನೂ ಹಾಡುಗಳನ್ನೂ ತಿದ್ದಲಾಯಿತು. 182 ಪ್ರಾಯೋಗಿಕ ಪ್ರದರ್ಶನಗಳ ನಂತರ, ಜೂನ್ 14ರಂದು ನಾಟಕ ಅಧಿಕೃತವಾಗಿ ತೆರೆಕಂಡು, 2014ರ ಜನವರಿವರೆಗೆ ನಡೆಯಿತು.

ಈ ಮೂರನ್ನೂ ಹೋಲಿಸಿ ನೋಡಿದರೆ ವ್ಯತ್ಯಾಸ ಸ್ಪಷ್ಟ. ಬ್ಯಾಟ್‌ಮ್ಯಾನ್‌ನದು ಮಾದರಿ ಹಾಡು ಇದ್ದೂ ಪ್ರದರ್ಶನ ಕಾಣದ ಕಥೆ. ಸ್ಪೈಡರ್‌ಮ್ಯಾನ್‌ನದು ಪ್ರೇಕ್ಷಕರ ಎದುರೇ ತಿದ್ದಿಕೊಂಡ ಕಥೆ. ಕಲ್ಕತ್ತಾದಲ್ಲಿ ಮಾತ್ರ ಕೇಳುಗರಿಗೆ ಹೊಸದರ ರುಚಿ ಸಿಕ್ಕಿದ್ದೇ ಹಳತು ಇಲ್ಲವಾದ ದಿನ, ವರ್ಷಕ್ಕೊಮ್ಮೆ ಮಾತ್ರ ಬರುವ ಆ ಗಳಿಗೆಯಲ್ಲಿ. ಹೊಸ ಹಾಡು ಹಳೆಯದರ ಪಕ್ಕದಲ್ಲಿ, ಬೇರೊಂದು ದಿನ ಕೇಳಿಬಂದಿದ್ದರೆ ಅದರ ಗುಣದೋಷಗಳ ಚರ್ಚೆಯಾಗುತ್ತಿತ್ತು. ಹಳೆಯದರ ಜಾಗದಲ್ಲೇ ಕೂತದ್ದರಿಂದ ಅದು ಅತಿಕ್ರಮಣವಾಗಿ ಕಂಡಿತು.

ಸಂಘಗಳಿಗೊಂದು ಕಿವಿಮಾತು

ಹೊರನಾಡಿನ ಕನ್ನಡ ಸಂಘಗಳಲ್ಲಿ ಈ ಸಮಸ್ಯೆ ವರ್ಷವೂ ತಲೆದೋರುತ್ತದೆ. ಇಡೀ ರಾತ್ರಿಯ ಆಟವನ್ನು ಮೂರು ಗಂಟೆಗೆ ಇಳಿಸಬೇಕೇ, ಹಾಡಿಗೆ ಹಿಮ್ಮೇಳದವರು ಬೇಕೇ ಇಲ್ಲ ಮುದ್ರಿತ ಸಂಗೀತ ಸಾಕೇ, ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಅರ್ಥವಾಗಲೆಂದು ನಡುವೆ ಬಂಗಾಳಿ ಇಲ್ಲವೇ ಹಿಂದಿಯ ಮಾತು ಸೇರಿಸಬಹುದೇ? ಇವು ಸಣ್ಣ ಪ್ರಶ್ನೆಗಳಂತೆ ಕಂಡರೂ ಊರು ಬಿಟ್ಟು ಬಂದವರಿಗೆ ಸಣ್ಣವಲ್ಲ. ಹುಟ್ಟೂರಿನಲ್ಲಿ ಒಂದು ಆಟ ಕೈತಪ್ಪಿದರೆ ಪಕ್ಕದ ಊರಲ್ಲಿ ಮತ್ತೊಂದು ಸಿಗುತ್ತದೆ. ಇಲ್ಲಿ ವರ್ಷಕ್ಕೊಂದೇ ಆಟ. ಅದರಲ್ಲಿ ಕೇಳಬೇಕಾದ ದನಿ ಕೇಳದಿದ್ದರೆ ಮುಂದಿನ ವರ್ಷದವರೆಗೆ ಕಾಯಬೇಕು. ಅದೇ ವೇಳೆ, ಹೊಸಬರಿಗೆ ವೇದಿಕೆಯಲ್ಲಿ ಜಾಗವೇ ಸಿಗದಿದ್ದರೆ ಹತ್ತು ವರ್ಷಗಳ ನಂತರ ಆ ಆಟ ನೋಡುವವರೇ ಉಳಿಯುವುದಿಲ್ಲ.

1976ರ ಅನುಭವ ಇಲ್ಲಿ ದಾರಿ ತೋರಬಲ್ಲುದು. ಹೊಸದನ್ನು ತರುವವರು ಮೊದಲೇ ಒಂದೆರಡು ಹಾಡು ಕೇಳಿಸಿ ಸದಸ್ಯರ ಅಭಿಪ್ರಾಯ ಪಡೆಯಲಿ. ಹಳೆಯದನ್ನು ತೆಗೆದುಹಾಕದೆ ಅದರ ಪಕ್ಕದಲ್ಲಿ ಹೊಸದಕ್ಕೆ ಬೇರೊಂದು ದಿನ ಕೊಡಲಿ. ಆಕ್ಷೇಪಿಸುವವರೂ ತಾವು ಇಂದು ಕಾಪಾಡಹೊರಟ ದನಿಗೆ ಒಂದು ದಿನ ಯಾರೋ ಆಕ್ಷೇಪಿಸಿದ್ದರು ಎಂಬುದನ್ನು ನೆನಪಿಡಲಿ.

ಕೋಲ್ಕತ್ತಾದ ದುರ್ಗಾಪೂಜೆಗೆ 2021ರಲ್ಲಿ ಯುನೆಸ್ಕೋ ಮನ್ನಣೆ ದೊರೆಯಿತು. 1976ರ ಪ್ರಸಂಗವನ್ನೇ ಆಧರಿಸಿ 2019ರಲ್ಲಿ ‘ಮಹಾಲಯ’ ಎಂಬ ಬಂಗಾಳಿ ಚಲನಚಿತ್ರ ಬಂದಿತ್ತು. ಉತ್ತಮ್ ಕುಮಾರ್ 1980ರಲ್ಲಿ, ಬೀರೇಂದ್ರಕೃಷ್ಣ ಭದ್ರ 1991ರಲ್ಲಿ ತೀರಿಕೊಂಡರು. ಮಹಾಲಯದ ನಸುಕಿನಲ್ಲಿ ಭದ್ರರ ದನಿ ಇಂದಿಗೂ ಕೇಳಿಬರುತ್ತಿದೆ. ಪೂಜೆಯ ಸಿದ್ಧತೆಯ ನಡುವೆ ದಸರಾ ಕಾರ್ಯಕ್ರಮದ ಪಟ್ಟಿ ತಯಾರಿಸಲು ಕೂರುವ ಕನ್ನಡ ಬಾಂಧವರು ಆ ಒಂದೂವರೆ ಗಂಟೆಯನ್ನು ಒಮ್ಮೆ ಪೂರ್ತಿಯಾಗಿ ಕೇಳಿ, ಆಮೇಲೆ ಪಟ್ಟಿ ಬರೆದರೆ ಒಳಿತು.